ಸುಗಂಧ ತೈಲ ಬೆರೆಸಿದ ಸೋಪು, ಕ್ರೀಮುಗಳ ಪರಿಮಳವನ್ನು ಬಳಸುವವರ ಮೂಗಿನಲ್ಲೇ ಪರೀಕ್ಷಿಸುವುದು ಹೇಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದಂತಹ ಊರುಗಳಲ್ಲಿ ಏಲಕ್ಕಿ, ಮಜ್ಜಿಗೆಹುಲ್ಲು, ಲಾವಂಚ, ನೀಲಗಿರಿಗಳ ತೈಲವನ್ನು ಬೆರೆಸಿ ಸೋಪು, ಮುಖದ ಕ್ರೀಮು, ತಲೆಗೆ ಹಚ್ಚುವ ಎಣ್ಣೆಗಳನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವ ಸ್ವಸಹಾಯ ಸಂಘಗಳಿಗೂ ಮನೆಮಂದಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಇಂಥ ತಯಾರಿಕೆಯಲ್ಲಿ ಪರಿಮಳದ ಆಯ್ಕೆ ನಡೆಯುವುದು ಹೆಚ್ಚಾಗಿ ತೈಲದ ಸೀಸೆಯ ಮುಚ್ಚಳ ತೆಗೆದು ಮೂಸಿ ನೋಡಿದಾಗಲೇ. ಮೂಸಿದವರಿಗೆ ಹಿಡಿಸಿದರೆ ಅದೇ ತೈಲ ಬಾಣಲೆಗೆ ಬೀಳುತ್ತದೆ. ಆದರೆ ಸೀಸೆಯಲ್ಲಿರುವ ಪರಿಮಳ, ಕ್ರೀಮಿನೊಳಗೆ ಬೆರೆತ ಪರಿಮಳ, ಚರ್ಮಕ್ಕೆ ಹಚ್ಚಿ ಎರಡು ಗಂಟೆ ಕಳೆದ ಮೇಲೆ ಉಳಿಯುವ ಪರಿಮಳ ಇವು ಮೂರೂ ಬೇರೆ ಬೇರೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಕೊಳ್ಳುವವರ ನೆನಪಿನಲ್ಲಿ ಆ ಪರಿಮಳಕ್ಕೆ ಮೊದಲೇ ಒಂದು ಜಾಗವಿರುತ್ತದೆ, ಮತ್ತು ಅದು ಎಂಥ ಜಾಗ ಎನ್ನುವುದು ಅವರನ್ನು ಕೇಳದ ಹೊರತು ನಮಗೆ ತಿಳಿಯುವುದಿಲ್ಲ. ಹಾಗೆ ಕೇಳುವುದಕ್ಕೆ ಒಂದು ಕ್ರಮವಿದೆ. ಅದಕ್ಕೆ ಹೆಚ್ಚು ಖರ್ಚಿಲ್ಲ, ಆದರೆ ಶಿಸ್ತು ಬೇಕು.

ಒಂದೇ ತೈಲ, ಹಲವು ಮೂಗು

ಮನುಷ್ಯನ ಮೂಗಿನ ಮೇಲ್ಭಾಗದ ಪೊರೆಯಲ್ಲಿ ವಾಸನೆಯನ್ನು ಗ್ರಹಿಸುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ಗ್ರಾಹಕಗಳ ದೊಡ್ಡ ವಂಶವಾಹಿ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪ್ರಕಟಪಡಿಸಿದರು. ಆ ಕೆಲಸಕ್ಕೆ 2004ರಲ್ಲಿ ಅವರಿಗೆ ನೊಬೆಲ್ ಬಂತು. ಒಂದೊಂದು ಪರಿಮಳ ದ್ರವ್ಯವೂ ಒಂದಕ್ಕಿಂತ ಹೆಚ್ಚು ಗ್ರಾಹಕಗಳನ್ನು ತಟ್ಟುತ್ತದೆ, ಯಾವ ಯಾವುವು ಒಟ್ಟಿಗೆ ಎಚ್ಚೆತ್ತವು ಎನ್ನುವುದರಿಂದ ಮೆದುಳು ವಾಸನೆಯನ್ನು ಗುರುತಿಸುತ್ತದೆ. ಈ ಗ್ರಾಹಕಗಳ ವಂಶವಾಹಿಗಳು ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಹೂವಿನ ಘಮದ ಬೀಟಾ ಅಯೋನೋನ್ ಎಂಬ ದ್ರವ್ಯವನ್ನೇ ನೋಡಿ: ಒಂದೇ ಒಂದು ವಂಶವಾಹಿಯ ವ್ಯತ್ಯಾಸದಿಂದಾಗಿ ಅದು ಕೆಲವರಿಗೆ ಹಿತವಾದ ಹೂವಿನಂತೆಯೂ ಇನ್ನು ಕೆಲವರಿಗೆ ಹುಳಿಯಾದ ಘಾಟಿನಂತೆಯೂ ತೋರುತ್ತದೆ. ಆದ್ದರಿಂದ ನಿಮಗೆ ಹಿತವೆನಿಸಿದ್ದನ್ನು ಪಕ್ಕದವರು ಬೇಡವೆಂದರೆ ಅವರಿಗೆ ರುಚಿ ತಿಳಿಯದು ಎಂದು ತೀರ್ಮಾನಿಸಬೇಡಿ. ಅವರ ಮೂಗಿಗೆ ಸಿಕ್ಕಿದ್ದೇ ಬೇರೆ ಇರಬಹುದು.

ವಾಸನೆಯ ಸಂದೇಶವು ಇತರ ಇಂದ್ರಿಯಗಳ ಸಂದೇಶದಂತೆ ಥಲಾಮಸ್ ಎಂಬ ಮಧ್ಯದ ಕೇಂದ್ರಕ್ಕೆ ಮೊದಲು ಹೋಗದೆ, ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳನ್ನು ಬಹಳ ನೇರವಾಗಿ ತಲುಪುತ್ತದೆ. ಇದು ಯಾವ ವಾಸನೆ ಎಂದು ಹೇಳಲು ತಡವರಿಸುವವರು ಕೂಡ ಇಷ್ಟವೋ ಅಲ್ಲವೋ ಎಂಬುದನ್ನು ಕೂಡಲೇ ಹೇಳುವುದನ್ನು ಯಾವುದೇ ಪರೀಕ್ಷೆಯಲ್ಲಿ ಗಮನಿಸಬಹುದು.

ನೆನಪು ಮೊದಲು ಬರುತ್ತದೆ

ನಮ್ಮ ಭಾಗದ ತಯಾರಕರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಏಲಕ್ಕಿಯೆಂದರೆ ಪಾಯಸ, ಹೋಳಿಗೆ, ಹಬ್ಬದ ಅಡುಗೆಮನೆ ಎಂದು ನಾವು ಎಣಿಸುತ್ತೇವೆ, ಅದನ್ನು ಕ್ರೀಮಿಗೆ ಹಾಕಿದರೆ ಎಲ್ಲರೂ ಮೆಚ್ಚುತ್ತಾರೆಂದು ನಂಬುತ್ತೇವೆ. ಆದರೆ ಏಲಕ್ಕಿ ತೈಲದ ಎರಡು ಮುಖ್ಯ ಘಟಕಗಳಲ್ಲಿ ಒಂದು ಟರ್ಪಿನೈಲ್ ಅಸಿಟೇಟ್, ಇನ್ನೊಂದು ಸಿನಿಯೋಲ್. ನೀಲಗಿರಿ ತೈಲದ ಪ್ರಧಾನ ದ್ರವ್ಯವೂ ಇದೇ ಸಿನಿಯೋಲ್. ಮೂಡಿಗೆರೆಯ ಕಡೆಯ ಹೆಂಗಸರ ಗುಂಪೊಂದರಲ್ಲಿ ಹೆಸರು ಹೇಳದೆ ಏಲಕ್ಕಿ ಕ್ರೀಮಿನ ಬಟ್ಟಲನ್ನು ಕೈಗೆ ಕೊಟ್ಟಾಗ, ವಯಸ್ಸಾದ ತಾಯಿಯೊಬ್ಬರು ಒಮ್ಮೆ ಮೂಸಿ, ಬಟ್ಟಲನ್ನು ತುಸು ದೂರ ಹಿಡಿದು, ಇನ್ನೊಮ್ಮೆ ಮೂಸಿ, "ಇದು ನೆಗಡಿಗೆ ಎದೆಗೆ ಹಚ್ತಾರಲ್ಲ, ಆ ಮುಲಾಮು ಅಲ್ವೇನವ್ವ?" ಎಂದರು. ಪಕ್ಕದಲ್ಲಿದ್ದ ಇಬ್ಬರು ಕೂಡಲೇ ಹೌದೆಂದು ತಲೆಯಾಡಿಸಿದರು. ಅವರ ಮಾತಿನಲ್ಲಿ ತಪ್ಪೇನಿಲ್ಲ, ಅವರ ಮೂಗು ಸಿನಿಯೋಲನ್ನು ಸರಿಯಾಗಿಯೇ ಹಿಡಿದಿತ್ತು. ಆದರೆ ಮುಖಕ್ಕೆ ಹಚ್ಚುವ ಕ್ರೀಮನ್ನು ನೆಗಡಿಯ ಮುಲಾಮೆಂದು ಗುರುತಿಸಿದವರು ಅದನ್ನು ಕೊಳ್ಳುವುದಿಲ್ಲ. ಒಬ್ಬರು ಬಾಯಿಬಿಟ್ಟು ಹೇಳಿದ ಮೇಲೆ ಉಳಿದವರಿಗೂ ಹಾಗೆಯೇ ಕಾಣತೊಡಗುತ್ತದೆ ಎಂಬುದು ಅಲ್ಲಿ ಕಂಡ ಇನ್ನೊಂದು ಸಂಗತಿ. ಅದರ ಪರಿಹಾರವನ್ನು ಮುಂದೆ ಹೇಳುತ್ತೇನೆ.

ಲವಂಗದ ಯೂಜಿನಾಲ್ ಹಲ್ಲಿನ ವೈದ್ಯರ ಕೋಣೆಯಲ್ಲಿ ಬಳಕೆಯಾಗುವ ದ್ರವ್ಯ. ಹಲ್ಲಿನ ಚಿಕಿತ್ಸೆಗೆ ಹೆದರುವವರು ಅದರ ವಾಸನೆಗೆ ಅಹಿತವಾಗಿ ಪ್ರತಿಕ್ರಿಯಿಸುತ್ತಾರೆ, ಹೆದರದವರು ಹಾಗೆ ಮಾಡುವುದಿಲ್ಲ ಎಂದು 1998ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು ತೋರಿಸಿತು. ನೋವಿನ ಮುಲಾಮುಗಳಲ್ಲಿರುವ ವಿಂಟರ್‌ಗ್ರೀನ್ ವಾಸನೆಯ ಕಥೆ ಇನ್ನೂ ಸ್ಪಷ್ಟವಾಗಿದೆ. 1960ರ ದಶಕದ ಬ್ರಿಟನ್ನಿನ ಅಧ್ಯಯನದಲ್ಲಿ ಅದಕ್ಕೆ ಬಹಳ ಕಡಿಮೆ ಅಂಕ ಬಿತ್ತು, 1978ರ ಅಮೆರಿಕದ ಅಧ್ಯಯನದಲ್ಲಿ ಅದೇ ವಾಸನೆ ಅತ್ಯಂತ ಮೆಚ್ಚುಗೆ ಪಡೆದವುಗಳ ಸಾಲಿನಲ್ಲಿತ್ತು. ಬ್ರಿಟನ್ನಿನವರಿಗೆ ಅದು ಔಷಧಿಯ ನೆನಪು, ಅಮೆರಿಕದವರಿಗೆ ಮಿಠಾಯಿಯ ನೆನಪು. ನಮ್ಮಲ್ಲಿ ಆ ವಾಸನೆ ಬಂದರೆ ಸೊಂಟನೋವು, ಮಂಡಿನೋವುಗಳೇ ನೆನಪಾಗುತ್ತವೆ.

ಶ್ರೀಗಂಧದ ವಿಷಯದಲ್ಲಿ ನಮ್ಮ ನಾಡಿನವರ ಮೂಗು ಬಹಳ ಹಳೆಯ ಪರಿಚಯವುಳ್ಳದ್ದು. ಮೈಸೂರಿನಲ್ಲಿ ಸರ್ಕಾರದ ಗಂಧದ ಎಣ್ಣೆ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಅದರ ಹಿಂದೆಯೇ ಬಂದ ಗಂಧದ ಸೋಪು ತಲೆಮಾರುಗಳ ಬಚ್ಚಲುಮನೆಯನ್ನು ಹೊಕ್ಕಿದೆ. ಹಾಗಾಗಿ ಗಂಧದ ಘಮವನ್ನು ಸೋಪಿಗೆ ಹಾಕಿದರೆ ಜನ ಪ್ರಶ್ನಿಸುವುದಿಲ್ಲ, ಆದರೆ ಕೈಯಲ್ಲಿರುವುದನ್ನು ಆ ಹಳೆಯ ಸೋಪಿನೊಡನೆ ಹೋಲಿಸದೆಯೂ ಬಿಡುವುದಿಲ್ಲ. ದವನದ ತೈಲ ಕರ್ನಾಟಕದ್ದೇ ಆದ ಅಪರೂಪದ ಸರಕು, ಚರ್ಮದಿಂದ ಚರ್ಮಕ್ಕೆ ಅದರ ಘಮ ಬದಲಾಗುತ್ತದೆಂಬ ಮಾತು ಸುಗಂಧ ತಯಾರಕರಲ್ಲಿದೆ. ನಮ್ಮವರಿಗೆ ದವನ, ಮರುಗಗಳು ಮಾಲೆಯ ನಡುನಡುವೆ ಸೇರಿಸಿ ಕಟ್ಟುವ ಎಲೆಗಳು, ದೇವರ ಮುಂದಿನ ವಾಸನೆ. ಮೈಗೆ ಹಚ್ಚುವ ಕ್ರೀಮಿನಲ್ಲಿ ಅದು ಬಂದರೆ ಕೆಲವರಿಗೆ ಸಂತೋಷ, ಕೆಲವರಿಗೆ ಮುಜುಗರ. ಯಾರಿಗೆ ಯಾವುದು ಎಂದು ಊಹಿಸುವುದಕ್ಕಿಂತ ಕೇಳುವುದೇ ಮೇಲು.

ಹೆಸರಿನ ಬಲವೂ ಸಣ್ಣದಲ್ಲ. ರೇಚಲ್ ಹರ್ಜ್ ಮತ್ತು ಜೂಲಿಯಾ ಫಾನ್ ಕ್ಲೆಫ್ ಅವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ವಾಸನೆಯನ್ನು ಒಮ್ಮೆ ಒಳ್ಳೆಯ ಹೆಸರಿನಿಂದ, ಇನ್ನೊಮ್ಮೆ ಕೆಟ್ಟ ಹೆಸರಿನಿಂದ ಕೊಡಲಾಯಿತು. ಪಚೋಲಿ ತೈಲವನ್ನು ಧೂಪವೆಂದಾಗ ಜನ ಮೆಚ್ಚಿದರು, ಮುಗ್ಗಲು ಹಿಡಿದ ನೆಲಮಾಳಿಗೆಯೆಂದಾಗ ಮೂಗು ಮುರಿದರು. ಮಳೆಗಾಲದಲ್ಲಿ ಬಟ್ಟೆ, ಚಾಪೆ, ಗೋಡೆಗಳೆಲ್ಲ ಮುಗ್ಗಲು ಹಿಡಿಯುವ ಮಲೆನಾಡಿನಲ್ಲಿ ಪಚೋಲಿ, ಲಾವಂಚಗಳಂತಹ ಮಣ್ಣಿನ ಘಮದ ತೈಲಗಳನ್ನು ಬಳಸುವವರು ಈ ಪ್ರಯೋಗವನ್ನು ನೆನಪಿಡಬೇಕು. ಬೇಸಗೆಯಲ್ಲಿ ತಂಪೆನಿಸುವ ಲಾವಂಚವೇ ಆಷಾಢದಲ್ಲಿ ಒಣಗದ ಬಟ್ಟೆಯಂತೆ ತೋರಬಹುದು.

ಮಾದರಿಗಳ ತಯಾರಿ

ಪರೀಕ್ಷೆಗೆ ಒಂದೇ ಅಡಿವಸ್ತುವಿನಿಂದ ಎಲ್ಲ ಮಾದರಿಗಳನ್ನೂ ಮಾಡಿ, ಯಾವ ತೈಲವನ್ನೂ ಸೇರಿಸದ ಒಂದು ಮಾದರಿಯನ್ನು ತಪ್ಪದೆ ಇಡಿ. ಜೇನುಮೇಣ, ಕೊಬ್ಬರಿ ಎಣ್ಣೆಗಳಿಗೆ ತಮ್ಮದೇ ವಾಸನೆಯಿದೆ. ಜನ ಬೇಡವೆಂದದ್ದು ನಿಮ್ಮ ಮಜ್ಜಿಗೆಹುಲ್ಲನ್ನೋ ಕಮಟು ಹಿಡಿಯತೊಡಗಿದ ಕೊಬ್ಬರಿ ಎಣ್ಣೆಯನ್ನೋ ಎಂದು ತಿಳಿಯಲು ಅದೊಂದೇ ದಾರಿ. ತೈಲವನ್ನು ಹನಿ ಎಣಿಸಿ ಹಾಕಬೇಡಿ, ತೆಳು ತೈಲದ ಹನಿಗೂ ಮಂದ ತೈಲದ ಹನಿಗೂ ತೂಕ ಒಂದೇ ಅಲ್ಲ. ನೂರನೆಯ ಒಂದು ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಮುಖದ ಕ್ರೀಮಿಗೆ 100 ಗ್ರಾಮಿಗೆ 0.5 ಗ್ರಾಂನಿಂದ ಶುರು ಮಾಡುವುದು ಒಳ್ಳೆಯದು. ತೈಲವನ್ನು ಎರಡರಷ್ಟು ಮಾಡಿದರೆ ಮೂಗಿಗೆ ಪರಿಮಳ ಎರಡರಷ್ಟಾಗುವುದಿಲ್ಲ, ಏರಿಕೆ ಅದಕ್ಕಿಂತ ಕಡಿಮೆ. ಆದರೆ ಚರ್ಮಕ್ಕೆ ತಗಲುವ ಪ್ರಮಾಣ ಮಾತ್ರ ಲೆಕ್ಕದಂತೆ ಎರಡರಷ್ಟೇ ಆಗುತ್ತದೆ.

ಕ್ರೀಮನ್ನು ಬೆರೆಸಿದ ದಿನವೇ ಪರೀಕ್ಷೆಗೆ ಇಡದೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಒಂದು ವಾರ ಬಿಡಿ. ತಣ್ಣನೆಯ ವಿಧಾನದಲ್ಲಿ ಮಾಡಿದ ಸೋಪನ್ನು ನಾಲ್ಕರಿಂದ ಆರು ವಾರ ಒಣಗಿಸಿದ ಮೇಲೆಯೇ ಮೂಸಬೇಕು. ಏಕೆಂದರೆ ಮಜ್ಜಿಗೆಹುಲ್ಲಿನ ಸಿಟ್ರಾಲ್‌ನಂತಹ ದ್ರವ್ಯ ಸೋಪಿನ ಕ್ಷಾರದಲ್ಲಿ ಕುಂದುತ್ತದೆ, ಸೀಸೆಯಲ್ಲಿದ್ದ ಆ ನಿಂಬೆಯ ಚುರುಕು ಒಣಗಿದ ಬಿಲ್ಲೆಯಲ್ಲಿ ಅಷ್ಟೇ ಉಳಿದಿರುವುದಿಲ್ಲ. ಲವಂಗ ತೈಲ ಸೋಪಿನ ಮಿಶ್ರಣವನ್ನು ಬೇಗ ಗಟ್ಟಿಮಾಡುತ್ತದೆ, ಬಣ್ಣವನ್ನೂ ಕಂದಾಗಿಸುತ್ತದೆ.

ಬಣ್ಣ ಎಲ್ಲ ಮಾದರಿಗಳಲ್ಲೂ ಒಂದೇ ಇರಲಿ. ಫ್ರಾನ್ಸಿನಲ್ಲಿ ವೈನ್ ತಯಾರಿಕೆಯನ್ನು ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರೆಂದು 2001ರಲ್ಲಿ ಪ್ರಕಟವಾಯಿತು. ಕಲಿತ ಮೂಗೇ ಕಣ್ಣಿಗೆ ಮಣಿಯುವುದಾದರೆ, ಹಸಿರು ಬಣ್ಣದ ಕ್ರೀಮಿನಲ್ಲಿ ಹುಲ್ಲಿನ ವಾಸನೆ ಬರುತ್ತಿದೆ ಎಂಬ ಉತ್ತರವನ್ನು ನಂಬುವುದಾದರೂ ಹೇಗೆ? ಮಾದರಿಗಳ ಮೇಲೆ ತೈಲದ ಹೆಸರಾಗಲಿ, ಒಂದು ಎರಡು ಮೂರು ಎಂಬ ಅಂಕಿಗಳಾಗಲಿ ಬೇಡ, ಒಂದನೆಯದೇ ಶ್ರೇಷ್ಠವೆಂಬ ಭಾವನೆ ತಾನಾಗಿ ಬರುತ್ತದೆ. 417, 862, 539 ಎಂಬಂತೆ ಅಡ್ಡಾದಿಡ್ಡಿ ಮೂರಂಕಿಯ ಗುರುತು ಬರೆದು, ಯಾವುದು ಏನೆಂಬ ಪಟ್ಟಿಯನ್ನು ಪರೀಕ್ಷೆ ನಡೆಸುವ ಕೋಣೆಯ ಹೊರಗಿಡಿ.

ಚರ್ಮದ ಎಚ್ಚರಿಕೆ ಪರಿಮಳಕ್ಕಿಂತ ಮೊದಲು. ಲಿಮೊನೀನ್, ಲಿನಲೂಲ್ ಎಂಬ ಪರಿಮಳ ದ್ರವ್ಯಗಳಿರುವ ತೈಲಗಳು ಗಾಳಿಗೆ ಸೋಕಿ ಹಳತಾದಾಗ ಅಲರ್ಜಿ ತರುವ ದ್ರವ್ಯಗಳಾಗಿ ಮಾರ್ಪಡುತ್ತವೆ, ಆದ್ದರಿಂದ ಅರ್ಧ ಖಾಲಿಯಾಗಿ ವರ್ಷಗಟ್ಟಲೆ ಉಳಿದ ಸೀಸೆಯ ತೈಲವನ್ನು ಬಳಸಬೇಡಿ. ಹಿಂಡಿ ತೆಗೆದ ನಿಂಬೆ ಜಾತಿಯ ಸಿಪ್ಪೆಯ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡಬಹುದು. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಇಂಥ ಅಲರ್ಜಿಕಾರಕಗಳು ಹಚ್ಚಿ ಬಿಡುವ ವಸ್ತುವಿನಲ್ಲಿ ಶೇ. 0.001, ತೊಳೆದು ಹೋಗುವ ವಸ್ತುವಿನಲ್ಲಿ ಶೇ. 0.01 ಮೀರಿದರೆ ಚೀಟಿಯಲ್ಲಿ ಹೆಸರಿಸಬೇಕು. ಗಡಿ ಎಷ್ಟು ಕೆಳಗಿದೆ ಎಂಬುದನ್ನು ನೋಡಿದರೆ ಗಿಡದಿಂದ ಬಂದದ್ದು ಅಪಾಯವಿಲ್ಲದ್ದು ಎಂಬ ನಂಬಿಕೆ ಎಷ್ಟು ಸಡಿಲವಾದದ್ದೆಂದು ತಿಳಿಯುತ್ತದೆ. ಗರ್ಭಿಣಿಯರು, ಉಬ್ಬಸವಿರುವವರು, ಹಿಂದೆ ಚರ್ಮದ ಅಲರ್ಜಿಯಾದವರು ಪರೀಕ್ಷೆಗೆ ಕೂರುವುದು ಬೇಡ. ಉಳಿದವರಿಗೂ ಮುಂಗೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ 48 ಗಂಟೆ ನೋಡಿದ ಮೇಲೆಯೇ ಮುಂದುವರಿಯಿರಿ. ಮಾರಾಟಕ್ಕೆ ತಯಾರಿಸುವವರು ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಪಡೆಯಲೇಬೇಕು.

ಜಾಗ, ಹೊತ್ತು, ಜನ

ಬೆಳಗಿನ ಹತ್ತರಿಂದ ಹನ್ನೊಂದೂವರೆಯವರೆಗಿನ ಹೊತ್ತು ಅನುಕೂಲ. ಊಟವಾದ ಕೂಡಲೇ ಬೇಡ. ಕೋಣೆಯಲ್ಲಿ ಊದುಬತ್ತಿ, ಒಗ್ಗರಣೆ, ಫಿನಾಯಿಲುಗಳ ವಾಸನೆ ಇರಬಾರದು, ಬಂದವರು ಆ ದಿನ ಮಲ್ಲಿಗೆ, ಸಂಪಿಗೆ ಮುಡಿಯದೆ ಬರುವಂತೆ ಹಿಂದಿನ ದಿನವೇ ಹೇಳಿಡಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಹಣ್ಣಿನಿಂದ ಬೀಜ ಬಿಡಿಸುವ ಪಲ್ಪಿಂಗ್‌ನಲ್ಲಿ ಬಿದ್ದ ಸಿಪ್ಪೆಯ ಹುಳಿ ವಾಸನೆ ಊರಿಡೀ ಹರಡಿರುತ್ತದೆ, ಕಣದಿಂದ ನೇರವಾಗಿ ಬಂದವರ ಕೈಯಲ್ಲೂ ಬಟ್ಟೆಯಲ್ಲೂ ಅದೇ ಇರುತ್ತದೆ. ಸಾಧ್ಯವಾದರೆ ಆ ದಿನಗಳನ್ನು ಬಿಡಿ.

ಮೂಗು ಒಂದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಮಾದರಿಯ ನಂತರ ಮಾದರಿ ಮೂಸಿದರೆ ಕೊನೆಯದ್ದಕ್ಕೆ ನ್ಯಾಯ ಸಿಗುವುದಿಲ್ಲ. ಸುಗಂಧದ ಅಂಗಡಿಗಳಲ್ಲಿ ನಡುನಡುವೆ ಕಾಫಿ ಬೀಜ ಮೂಸಲು ಕೊಡುವ ರೂಢಿಯಿದೆ. ಕಾಫಿಯ ಜಿಲ್ಲೆಯವರಾದ ನಮಗೆ ಅದು ಸುಲಭವಾಗಿ ಸಿಗುವುದರಿಂದ ಮಾಡಿ ನೋಡೋಣವೆನಿಸುವುದು ಸಹಜ. ಆದರೆ 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಫಿ ಬೀಜ ಮೂಸುವುದರಿಂದ ಬರಿಯ ಗಾಳಿಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಹುರಿದ ಕಾಫಿಯ ಘಮವೇ ತಾನೊಂದು ಬಲವಾದ ವಾಸನೆ, ಅದನ್ನು ನಡುವೆ ತರುವುದೇಕೆ? ಬಾಗಿಲಾಚೆ ಹೋಗಿ ಒಂದೆರಡು ನಿಮಿಷ ಗಾಳಿಗೆ ನಿಂತು ಬರುವುದು ಸಾಕು. ಒಂದು ಕೂಟಕ್ಕೆ ನಾಲ್ಕೈದು ಮಾದರಿಗಿಂತ ಹೆಚ್ಚು ಬೇಡ, ಮತ್ತು ಎಲ್ಲರೂ ಒಂದೇ ಅನುಕ್ರಮದಲ್ಲಿ ಮೂಸಬಾರದು. ಒಬ್ಬರಿಗೆ 417 ಮೊದಲಾದರೆ ಇನ್ನೊಬ್ಬರಿಗೆ 862 ಮೊದಲಾಗಲಿ.

ಜನರನ್ನು ಆರಿಸುವಾಗ ನಿಮ್ಮ ಮನೆಯವರನ್ನೂ ಸಂಘದವರನ್ನೂ ಬಿಟ್ಟುಬಿಡಿ. ಅವರು ನಿಮಗೆ ನೋವಾಗಬಾರದೆಂದು ಉತ್ತರಿಸುತ್ತಾರೆ. ಹಾಸನದ ಸಂತೆಯಲ್ಲಿ ಮಾರುವ ಸೋಪಾದರೆ ಹಾಸನದವರೇ ಮೂಸಲಿ, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೆ ಕೊಡುವುದಾದರೆ ಅಲ್ಲಿಗೆ ಬರುವ ಪಟ್ಟಣದ ಅತಿಥಿಗಳನ್ನೂ ಕೇಳಿ, ಈ ಎರಡು ಗುಂಪಿನ ಉತ್ತರಗಳನ್ನು ಒಟ್ಟಿಗೆ ಸೇರಿಸಬೇಡಿ. ನೆಗಡಿಯಾದವರು, ಕೋವಿಡ್ ನಂತರ ವಾಸನೆ ಕೆಟ್ಟವರು, ಆಗತಾನೆ ಬೀಡಿ ಸೇದಿದವರು ಅಥವಾ ಎಲೆಅಡಿಕೆ ಹಾಕಿದವರು ಇನ್ನೊಂದು ದಿನ ಬರಲಿ. ವಯಸ್ಸು ಅರವತ್ತು ದಾಟಿದಂತೆ ವಾಸನೆಯ ಶಕ್ತಿ ಸಾಮಾನ್ಯವಾಗಿ ಕುಗ್ಗುತ್ತದೆ, ಆದರೂ ಹಿರಿಯರನ್ನು ಕೈಬಿಡಬೇಡಿ. ಅವರೂ ಕೊಳ್ಳುವವರೇ.

ಕೇಳುವ ಕ್ರಮ

ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಗುಂಪಿನಲ್ಲಿ ಮೊದಲು ಮಾತಾಡಿದವರ ಮಾತೇ ಎಲ್ಲರ ಮಾತಾಗುತ್ತದೆಂದು ಮೇಲೆಯೇ ಹೇಳಿದೆ. ಮೊದಲ ಪ್ರಶ್ನೆ ಎಷ್ಟು ಇಷ್ಟವಾಯಿತೆಂಬುದೇ ಆಗಿರಲಿ: ತುಂಬಾ ಇಷ್ಟ, ಇಷ್ಟ, ಪರವಾಗಿಲ್ಲ, ಇಷ್ಟವಿಲ್ಲ, ಬೇಡವೇ ಬೇಡ. ವಾಸನೆಯನ್ನು ವರ್ಣಿಸುವಂತೆ ಮೊದಲೇ ಕೇಳಿದರೆ ಅವರು ಯೋಚಿಸತೊಡಗುತ್ತಾರೆ, ಇಷ್ಟಾನಿಷ್ಟದ ಉತ್ತರ ಆ ಯೋಚನೆಯಿಂದ ಬಣ್ಣಗಟ್ಟುತ್ತದೆ. ಎರಡನೆಯ ಪ್ರಶ್ನೆ, ಇದನ್ನು ಮೂಸಿದಾಗ ಏನು ನೆನಪಾಯಿತು ಎಂಬುದು. ಇಲ್ಲಿ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. "ಆಸ್ಪತ್ರೆ", "ಮದುವೆಮನೆ", "ಸೊಳ್ಳೆಬತ್ತಿ", "ಅಜ್ಜಿಯ ಪೆಟ್ಟಿಗೆ" ಎಂಬಂತಹ ಒಂದೊಂದು ಪದವೂ ಅಂಕಗಳಿಗಿಂತ ಹೆಚ್ಚು ಹೇಳುತ್ತದೆ. ಮೂರನೆಯದು, ಇದು ಯಾವುದಕ್ಕೆ ಸರಿಹೊಂದುತ್ತದೆ, ಮುಖಕ್ಕೋ, ತಲೆಗೋ, ಕೈತೊಳೆಯಲಿಕ್ಕೋ ಎಂಬುದು. ಪರಿಮಳ ಕೆಟ್ಟದ್ದಲ್ಲ, ಜಾಗ ತಪ್ಪಿದೆ ಎಂಬ ಸಂಗತಿ ಹಲವು ಬಾರಿ ಈ ಪ್ರಶ್ನೆಯಲ್ಲೇ ಬಯಲಾಗುತ್ತದೆ.

ಅನಂತರ ಮುಂಗೈಗೆ ಹಚ್ಚಿಸಿ. ಒಂದು ಕೈಗೆ ಒಂದೇ ಮಾದರಿ. ಐದು ನಿಮಿಷಕ್ಕೆ, ಅರ್ಧ ಗಂಟೆಗೆ, ಎರಡು ಗಂಟೆಗೆ ಮತ್ತೆ ಮೂಸಿ ಅದೇ ಪ್ರಶ್ನೆಗಳಿಗೆ ಉತ್ತರಿಸಲಿ. ಇಷ್ಟು ಕಾಯುವುದೇಕೆಂದರೆ ತೈಲದ ಘಟಕಗಳು ಒಟ್ಟಿಗೆ ಹಾರಿಹೋಗುವುದಿಲ್ಲ. ನಿಂಬೆ ಜಾತಿಯ ಲಿಮೊನೀನ್ ಕುದಿಯುವುದು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲಿನಲೂಲ್ 198ರಲ್ಲಿ, ಲವಂಗದ ಯೂಜಿನಾಲ್ 254ರಲ್ಲಿ, ಗಂಧದ ಸ್ಯಾಂಟಲಾಲ್ ಸುಮಾರು 300ರಲ್ಲಿ. ಕುದಿಯುವ ಬಿಂದು ಕೆಳಗಿದ್ದಷ್ಟೂ ಚರ್ಮದಿಂದ ಬೇಗ ಆವಿಯಾಗುತ್ತದೆ. ಅಂಗಡಿಯಲ್ಲಿ ಮೂಸಿ ಕೊಂಡವರು ನಿಂಬೆಯ ಘಮಕ್ಕೆ ಹಣ ಕೊಟ್ಟಿರುತ್ತಾರೆ, ಮನೆಯಲ್ಲಿ ಸಂಜೆಯವರೆಗೆ ಅವರ ಜೊತೆ ಉಳಿಯುವುದು ಅಡಿಯಲ್ಲಿದ್ದ ಲಾವಂಚವೋ ಪಚೋಲಿಯೋ ಆಗಿರುತ್ತದೆ. ಮರಳಿ ಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಈ ಎರಡನೆಯ ಪರಿಮಳವೇ ನಿರ್ಧರಿಸುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಸೋಪಾದರೆ ಒಣ ಬಿಲ್ಲೆ, ನೊರೆ, ತೊಳೆದ ಕೈ ಈ ಮೂರು ಹಂತದಲ್ಲೂ ಮೂಸಬೇಕು.

ಜಿಡ್ಡು, ನುಣುಪುಗಳ ಬಗ್ಗೆ ಕೇಳುವುದಿದ್ದರೆ ತೈಲವಿಲ್ಲದ ಮಾದರಿಯ ಬಗ್ಗೆಯೂ ಕೇಳಿ. ಶಾಂಪೂವಿನ ಪರಿಮಳ ಬದಲಾದಾಗ ಕೂದಲಿನ ನಯವೇ ಬದಲಾದಂತೆ ಬಳಸಿದವರಿಗೆ ತೋರಿತೆಂದು 2009ರ ಅಧ್ಯಯನವೊಂದು ವರದಿ ಮಾಡಿದೆ. ಕ್ರೀಮು ಜಿಡ್ಡಾಗಿದೆ ಎಂಬ ದೂರಿನ ಹಿಂದೆಯೂ ಪರಿಮಳವೇ ಇರಬಹುದು.

ಎಲ್ಲ ಉತ್ತರಗಳೂ ಬಂದ ಮೇಲೆ ಮಾತ್ರ ಹೆಸರು ಹೇಳಿ, ಅದೇ ಮಾದರಿಯನ್ನು ಮತ್ತೆ ಮೂಸಿಸಿ. ಏಲಕ್ಕಿಯೆಂದು ತಿಳಿದ ಮೇಲೆ ಇಷ್ಟ ಏರಿದರೆ ಹೆಸರನ್ನು ಚೀಟಿಯಲ್ಲಿ ದೊಡ್ಡದಾಗಿ ಅಚ್ಚು ಮಾಡಿಸಬೇಕು. ಏರದಿದ್ದರೆ ಹೆಸರು ನೆರವಿಗೆ ಬರುವುದಿಲ್ಲ, ಮಿಶ್ರಣವನ್ನೇ ಬದಲಿಸಬೇಕು.

ಉತ್ತರಗಳನ್ನು ಓದುವುದು

ತೈಲದ ಪ್ರಮಾಣವನ್ನು ಸ್ವಲ್ಪ ಇಳಿಸಿದರೆ ಜನರಿಗೆ ತಿಳಿಯುತ್ತದೆಯೇ ಎಂಬ ಪ್ರಶ್ನೆಗೆ ಮೂರು ಬಟ್ಟಲಿನ ಪರೀಕ್ಷೆ ಉತ್ತಮ. ಎರಡರಲ್ಲಿ ಒಂದೇ ಮಾದರಿ, ಒಂದರಲ್ಲಿ ಬೇರೆ, ಬೇರೆಯದನ್ನು ಆರಿಸಬೇಕು. ಮೂಸದೆ ಸುಮ್ಮನೆ ಊಹಿಸಿ ಆರಿಸಿದರೂ ಮೂವರಲ್ಲಿ ಒಬ್ಬರದು ಸರಿಯಾಗುವುದರಿಂದ, 24 ಜನರಲ್ಲಿ ಕನಿಷ್ಠ 13, 30 ಜನರಲ್ಲಿ ಕನಿಷ್ಠ 15 ಮಂದಿ ಸರಿಯಾಗಿ ಹೇಳಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತಿದೆ ಎನ್ನಬಹುದು. ಎರಡು ಮಾದರಿಗಳಲ್ಲಿ ಯಾವುದು ಮೇಲೆಂದು ಕೇಳಿದಾಗ 30 ಜನರಲ್ಲಿ 21 ಮಂದಿಯಾದರೂ ಒಂದರ ಕಡೆ ನಿಂತಿರಬೇಕು. ಒಂದರ ಕಡೆ ಹದಿನೇಳು, ಇನ್ನೊಂದರ ಕಡೆ ಹದಿಮೂರು ಮಂದಿ ಬಂದರೆ ಅದನ್ನು ಗೆಲುವೆಂದು ಎಣಿಸಬೇಡಿ.

ಇಷ್ಟದ ಅಂಕಗಳ ಸರಾಸರಿಯನ್ನು ಮಾತ್ರ ನೋಡಿ ನಿಲ್ಲಬೇಡಿ. ಎಲ್ಲರೂ ಪರವಾಗಿಲ್ಲ ಎಂದ ಮಾದರಿಗೂ, ಅರ್ಧ ಜನ ತುಂಬಾ ಇಷ್ಟವೆಂದು ಇನ್ನರ್ಧ ಜನ ಬೇಡವೇ ಬೇಡ ಎಂದ ಮಾದರಿಗೂ ಒಂದೇ ಸರಾಸರಿ ಬರುತ್ತದೆ. ಎರಡನೆಯದಕ್ಕೆ ಖಚಿತವಾದ ಗಿರಾಕಿಗಳಿದ್ದಾರೆ, ಅವರು ಯಾವ ವಯಸ್ಸಿನವರು, ಎಲ್ಲಿಯವರು ಎಂದು ನೋಡಿ ಅವರಿಗಾಗಿಯೇ ಮಾಡಬಹುದು. ಮನೆಯವರೆಲ್ಲ ಬಳಸುವ ಸೋಪಿಗೆ ಮಾತ್ರ ಬೇಡವೇ ಬೇಡ ಎಂದವರು ಕಡಿಮೆಯಿರುವ ಮಾದರಿಯನ್ನೇ ಆರಿಸಿ, ಮನೆಯಲ್ಲಿ ಒಬ್ಬರು ಮೂಗು ಮುಚ್ಚಿಕೊಂಡರೂ ಆ ಸೋಪು ಬಚ್ಚಲಿಗೆ ಮತ್ತೆ ಬರುವುದಿಲ್ಲ. ನೆಗಡಿಯ ಮುಲಾಮೆಂಬ ಉತ್ತರ ಹೆಚ್ಚು ಬಂದ ಏಲಕ್ಕಿ ಕ್ರೀಮಿನಲ್ಲಿ ತೈಲವನ್ನು ಅರ್ಧಕ್ಕಿಳಿಸಿ ಗಂಧದಂತಹ ಮೆತ್ತನೆಯ ಅಡಿಪರಿಮಳ ಸೇರಿಸಿ ಇನ್ನೊಮ್ಮೆ ಕೇಳಿ. ಆಗಲೂ ಅದೇ ಉತ್ತರ ಬಂದರೆ ಆ ತೈಲವನ್ನು ಕಾಲಿನ ಮುಲಾಮಿಗೋ ಕೈತೊಳೆಯುವ ಸೋಪಿಗೋ ಇಟ್ಟುಕೊಳ್ಳುವುದು ಒಳ್ಳೆಯದು.

ಒಮ್ಮೆ ಒಪ್ಪಿಗೆಯಾದ ಮಿಶ್ರಣದ 50 ಗ್ರಾಮನ್ನು ಕಂದು ಗಾಜಿನ ಸೀಸೆಯಲ್ಲಿ ತುಂಬಿ, ದಿನಾಂಕ ಮತ್ತು ತೈಲ ಕೊಂಡ ಕಡೆಯನ್ನು ಬರೆದು ತಂಪಾದ ಕತ್ತಲಲ್ಲಿಡಿ. ಗಿಡದ ತೈಲ ಬೆಳೆದ ಜಾಗ, ಕೊಯ್ದ ಕಾಲ, ಭಟ್ಟಿ ಇಳಿಸಿದ ರೀತಿಗಳಿಗೆ ತಕ್ಕಂತೆ ಬದಲಾಗುವುದರಿಂದ ಹೊಸ ತೈಲ ಬಂದಾಗಲೆಲ್ಲ ಅದರಿಂದ ಮಾಡಿದ ಮೊದಲ ಕ್ರೀಮನ್ನು ಈ ಸೀಸೆಯದರ ಜೊತೆಗಿಟ್ಟು ಮೂರು ಬಟ್ಟಲಿನ ಪರೀಕ್ಷೆ ನಡೆಸಿ, ವ್ಯತ್ಯಾಸ ಕಂಡರೆ ಪ್ರಮಾಣ ಸರಿಪಡಿಸಿದ ಮೇಲೆಯೇ ಉಳಿದ ತೈಲವನ್ನು ಬಳಸಿ. ಸೀಸೆಯಲ್ಲಿಟ್ಟದ್ದೂ ಹಳತಾಗುವುದರಿಂದ ಆರು ತಿಂಗಳಿಗೊಮ್ಮೆ ಅದನ್ನು ಬದಲಾಯಿಸಿ.